ಕೊನೆಯ ಸೂಜಿ

ನನ್ನ ಸೊಂಟದ ಮೂಳೆಗೆ ಆ ಆಸ್ಪತ್ರೆಯಲ್ಲಿ ದೊಡ್ಡ ಹೆಸರಿತ್ತು. ಮೊದಲ ಸಲ ಮಜ್ಜೆ ತೆಗೆಯಲು ಬಂದ ಚಿಕ್ಕ ಡಾಕ್ಟರು ಸೂಜಿ ತಿರುಗಿಸಿ ತಿರುಗಿಸಿ ಬೆವತುಹೋದ. ಸೂಜಿ ಎಂದರೆ ಬಟ್ಟೆ ಹೊಲಿಯುವ ಸೂಜಿಯಲ್ಲ, ಜ್ವರಕ್ಕೆ ಚುಚ್ಚುವ ಸೂಜಿಯೂ ಅಲ್ಲ. ಬಡಗಿಯ ಬೈರಿಗೆಯ ಮರಿ ಅದು. ಹಿಡಿ ಬೇರೆ ಇರುತ್ತದೆ. ಪಕ್ಕಕ್ಕೆ ಮಲಗಿಸಿ, ಮೊಣಕಾಲನ್ನು ಹೊಟ್ಟೆಗೆ ಒತ್ತಿಸಿ, ಸೊಂಟದ ಹಿಂದಿನ ಮೂಳೆಗೆ ಅದನ್ನು ತಿರುಪುತ್ತಾರೆ. "ಏನಮ್ಮಾ ಇದು, ಮೂಳೆನೋ ಕಬ್ಬಿಣಾನೋ?" ಎಂದ. ಸುತ್ತ ನಿಂತಿದ್ದವರು ನಕ್ಕರು. ನಾನೂ ನಕ್ಕೆ ಅಂತ ತಿಳಿಯಬೇಡಿ. ನಾನು ಬಾಯಲ್ಲಿ ಬಟ್ಟೆ ಕಚ್ಚಿಕೊಂಡಿದ್ದೆ.

ಮೂಟೆ ಹೊತ್ತ ಮೂಳೆ ಅದು. ತರಕಾರಿ ಮಂಡಿಯಲ್ಲಿ ಲಾರಿ ಇಳಿಸುವುದು ನನ್ನ ಕೆಲಸ. ಈರುಳ್ಳಿ, ಆಲೂಗಡ್ಡೆ, ಕೋಸು. ಲಾರಿಯ ಮೇಲೆ ನಿಂತವನು ಮೂಟೆಯನ್ನು ಬೆನ್ನಿಗೆ ಜಾರಿಸುತ್ತಾನೆ. ಮೊಣಕಾಲು ಬಾಗುತ್ತದೆ, ಸೊಂಟ ಹಿಡಿಯುತ್ತದೆ, ಕುತ್ತಿಗೆಯ ನರ ಬಿಗಿಯುತ್ತದೆ. ಕೊಳೆತ ಎಲೆ ಬಿದ್ದ ಒದ್ದೆ ನೆಲದಲ್ಲಿ ಜಾರದೆ ಗೋದಾಮು ಮುಟ್ಟಬೇಕು. ಜಾರಿ ಬಿದ್ದರೆ ಮೂಟೆ ಒಡೀತಾ ಅಂತ ಕೇಳುತ್ತಾರೆ. ಕಾಲು ಮುರೀತಾ ಅಂತ ಯಾರೂ ಕೇಳುವುದಿಲ್ಲ. ನಮ್ಮತ್ತೆಯೂ ಇದೇ ಕೆಲಸ ಮಾಡಿ ಬೆನ್ನು ಗೂನು ಮಾಡಿಕೊಂಡವಳು. ಅವಳು ಬಿಟ್ಟ ಜಾಗಕ್ಕೆ ನಾನು ಬಂದೆ.

ಕಾಯಿಲೆ ಮೊದಲು ಹೊಟ್ಟೆಯಲ್ಲಿ ಕಂಡಿತು. ಎಡಪಕ್ಕೆಯ ಕೆಳಗೆ ಊದತೊಡಗಿತು. ಎರಡು ತುತ್ತು ತಿಂದರೆ ಹೊಟ್ಟೆ ತುಂಬಿದಂತಾಗುತ್ತಿತ್ತು. ರಾತ್ರಿ ಮೈಯೆಲ್ಲ ಬೆವರು. ಬಗ್ಗಿದರೆ ಉಸಿರು ಸಿಕ್ಕುತ್ತಿರಲಿಲ್ಲ. ಮಂಡಿಯವರು ಬಸುರಿ ಎಂದು ನಗಾಡಿದರು. ಅತ್ತೆ ನಗಲಿಲ್ಲ. ಅವಳ ಮಗ, ಅಂದರೆ ನನ್ನ ಗಂಡ, ಲಾರಿ ಹತ್ತಿ ದೂರದೂರಿಗೆ ಹೋಗಿ ಮನೆಯ ಕಡೆ ತಲೆ ಹಾಕದೆ ಬಹಳ ಕಾಲವಾಗಿತ್ತು. ಅವಳು ಬೆರಳು ಮಡಚಿ ತಿಂಗಳು ಎಣಿಸಿ ನನ್ನ ಮುಖವನ್ನೇ ನೋಡುತ್ತಿದ್ದಳು. ಕೊನೆಗೆ ಆಸ್ಪತ್ರೆಗೆ ಎಳೆದುಕೊಂಡು ಹೋದವಳೂ ಅವಳೇ. ಕ್ಯಾನ್ಸರ್ ಅಂತ ಡಾಕ್ಟರು ಹೇಳಿದಾಗ ಅವಳು ನನ್ನ ಕೈ ಹಿಡಿದು, "ಸದ್ಯ, ಅದಲ್ವಲ್ಲ," ಅಂದುಬಿಟ್ಟಳು. ಆಮೇಲೆ ತಾನು ಏನಂದೆ ಅಂತ ಹೊಳೆದು ಮೆಟ್ಟಿಲ ಮೇಲೆ ಕೂತು ಅತ್ತಳು.

ಊದಿದ್ದು ಗುಲ್ಮ, ಎಡಪಕ್ಕೆಯೊಳಗೆ ಇರುವ ಒಂದು ಅಂಗ. ಮೂಳೆಯ ಒಳಗೆ ರಕ್ತ ಹುಟ್ಟುವ ಜಾಗ ಕೆಟ್ಟು ಗಂಟುಗಟ್ಟಿದೆಯಂತೆ. ಆ ಕೆಲಸವನ್ನೆಲ್ಲ ಗುಲ್ಮ ತಲೆಗೆ ಕಟ್ಟಿಕೊಂಡು ಉಬ್ಬಿದೆಯಂತೆ. ಇದೂ ಒಂದು ಥರದ ರಕ್ತದ ಕ್ಯಾನ್ಸರೇ. ದೊಡ್ಡ ಡಾಕ್ಟರು ಹೇಳಿದರು: "ಹೊಸ ಮಾತ್ರೆ ಇದೆ. ಇನ್ನೂ ಅಂಗಡಿಗೆ ಬಂದಿಲ್ಲ. ನಿಮ್ಮಂಥೋರಿಗೆ ಕೊಟ್ಟು ಸ್ಟಡಿ ಮಾಡ್ತಿದ್ದೀವಿ."

"ನಮ್ಮಂಥೋರು ಅಂದ್ರೆ?" ಎಂದು ಕೇಳಿದೆ.

"ಈ ಕಾಯಿಲೆ ಇರೋರು," ಎಂದರು.

ಹೊರಗೆ ಬೆಂಚಿನ ಮೇಲೆ ನಮ್ಮಂಥವರು ಕೂತಿದ್ದರು. ಹಳೇ ಬಟ್ಟೆ ರಿಪೇರಿ ಮಾಡುವ ಟೈಲರ್, ಒಬ್ಬ ಬಸ್ ಕಂಡಕ್ಟರ್, ಹೋಟೆಲಿನಲ್ಲಿ ಪಾತ್ರೆ ತೊಳೆಯುವವಳು, ಪೇಂಟರನ ಹೆಂಡತಿ, ಇನ್ನೂ ಕೆಲವರು. ಟೈಲರ್ ಎಲ್ಲರಿಗಿಂತ ಮೊದಲು ಸ್ಟಡಿಗೆ ಸೇರಿದವನು. ನನಗೆ ಜಾಗ ಬಿಟ್ಟು, "ಬಾ ತಂಗಿ, ಕೂತ್ಕೋ. ಈ ಕಾಯಿಲೆ ಕಾರಿರೋರಿಗೆ ಬರಲ್ಲ ಅಂತ ಕಾಣುತ್ತೆ," ಎಂದ. ಅವತ್ತಿನಿಂದ ಅವನು ನನಗೆ ಅಣ್ಣ.

ಮಾತ್ರೆ ಕೆಲಸ ಮಾಡಿತು. ಸುಳ್ಳು ಹೇಳಬಾರದು, ಚೆನ್ನಾಗಿ ಕೆಲಸ ಮಾಡಿತು. ಅದನ್ನು ಡಾಕ್ಟರಿಗಿಂತ ಮೊದಲು ಕಂಡುಹಿಡಿದವನು ಟೈಲರಣ್ಣ. ಕುತ್ತಿಗೆಯಲ್ಲಿ ಟೇಪು ನೇತುಹಾಕಿಕೊಂಡೇ ಆಸ್ಪತ್ರೆಗೆ ಬರುತ್ತಿದ್ದ. ಬೆಂಚಿನವರ ಹೊಟ್ಟೆಯನ್ನೆಲ್ಲ ಅಳೆಯುತ್ತಿದ್ದ. "ಇಳೀತು ತಂಗಿ, ಇಳೀತು," ಎನ್ನುತ್ತಿದ್ದ. ಗುಲ್ಮ ಉಬ್ಬಿದಾಗ ಬಿಚ್ಚಿದ್ದ ತನ್ನ ಪ್ಯಾಂಟಿನ ಸೊಂಟವನ್ನು ಒಂದೊಂದೇ ಸಲ ಒಳಕ್ಕೆ ಹೊಲಿದುಕೊಂಡು ಬಂದ. ನಾನು ಮತ್ತೆ ಮೂಟೆ ಹೊತ್ತೆ. ಮೊದಲು ಕೋಸು, ಆಮೇಲೆ ಈರುಳ್ಳಿ. ಮಗಳ ಸ್ಕೂಲು ತಪ್ಪಲಿಲ್ಲ. ಅತ್ತೆ ನನ್ನನ್ನು ಮತ್ತೆ ಬೈಯತೊಡಗಿದಳು. ಮನೆಗೆ ಜೀವ ಬಂತು.

ಅದಕ್ಕೆ ಬದಲಾಗಿ ಅವರು ಕೇಳಿದಾಗಲೆಲ್ಲ ನಾವು ಮಲಗಿದೆವು. ಚರ್ಮಕ್ಕೆ ಮರಗಟ್ಟುವ ಮದ್ದು ಕೊಡುತ್ತಾರೆ. ಮೂಳೆಯ ಒಳಗಿಂದ ಮಜ್ಜೆ ಎಳೆಯುವಾಗ ಆ ಮದ್ದು ಯಾವ ಕೆಲಸಕ್ಕೂ ಬರುವುದಿಲ್ಲ. ಕಾಲಿನ ತುದಿಯಿಂದ ಜೀವವನ್ನು ಯಾರೋ ಹೀರಿದಂತಾಗುತ್ತದೆ. ನನಗೆ ಗಂಟುಗಟ್ಟಿದ ಮಜ್ಜೆ. ಎಳೆದರೆ ಬರುತ್ತಿರಲಿಲ್ಲ. ಒಂದು ಕಡೆ ಬರದಿದ್ದರೆ ಇನ್ನೊಂದು ಕಡೆ ತೂತು ಹಾಕಿ ಮೂಳೆಯ ಚೂರನ್ನೇ ಕಿತ್ತುಕೊಳ್ಳುತ್ತಿದ್ದರು. ಮಾರನೇ ದಿನ ಅದೇ ಸೊಂಟಕ್ಕೆ ಮೂಟೆ. ಅದಕ್ಕೂ ನಾನು ಅಳಲಿಲ್ಲ. ಕೊಟ್ಟು ತಗೊಳ್ಳೋದು ಅಂತ ತಿಳಿದಿದ್ದೆ.

ಒಂದು ಸಲ ಕಂಪನಿಯವರು ಬಂದರು. ಮಾತ್ರೆ ತಯಾರಿಸುವ ಕಂಪನಿ. ದೊಡ್ಡ ಡಾಕ್ಟರು ನನ್ನನ್ನು ಒಳಗೆ ಕರೆಸಿ, "ಬಟ್ಟೆ ಎತ್ತಮ್ಮ," ಎಂದರು. ಎತ್ತಿದೆ. ಟೈ ಕಟ್ಟಿದವರು ಒಬ್ಬೊಬ್ಬರಾಗಿ ಬಂದು ನನ್ನ ಹೊಟ್ಟೆ ಒತ್ತಿ ನೋಡಿದರು. ಹಣ್ಣಿನಂಗಡಿಯಲ್ಲಿ ಕರಬೂಜ ಒತ್ತುತ್ತಾರಲ್ಲ, ಹಾಗೆ. ಒಬ್ಬನೂ ಮುಖ ನೋಡಲಿಲ್ಲ. "ಬೆಸ್ಟ್ ಕೇಸ್," ಎಂದರು ದೊಡ್ಡ ಡಾಕ್ಟರು. ಎಲ್ಲರೂ ಅವರ ಕೈ ಕುಲುಕಿದರು. ನಾನು ಬಟ್ಟೆ ಎತ್ತಿಕೊಂಡು ನಿಂತೇ ಇದ್ದೆ. ಇಳಿಸು ಅಂತ ಹೇಳುವುದನ್ನು ಮರೆತಿದ್ದರು.

ಫೋನು ಬಂದಾಗ ನಾನು ಬೆನ್ನ ಮೇಲೆ ಆಲೂಗಡ್ಡೆ ಮೂಟೆ ಹೊತ್ತಿದ್ದೆ. ಮೂಟೆ ಇಳಿಸಿ ಫೋನು ಎತ್ತಿದೆ. ಸ್ಟಡಿಯ ಮೇಡಂ. ನಮ್ಮನ್ನು ಕರೆಸುವುದು, ರಕ್ತ ತೆಗೆಸುವುದು, ಮಾತ್ರೆ ಕೊಡುವುದು ಎಲ್ಲ ಈ ಮೇಡಮ್ಮಿನ ಕೈಯಲ್ಲೇ.

"ಒಳ್ಳೆ ಸುದ್ದಿ. ಸ್ಟಡಿ ಮುಗೀತು," ಎಂದರು. "ಕೊನೇದೊಂದು ಮಜ್ಜೆ ಕೊಟ್ಬಿಟ್ರೆ ಆಯ್ತು. ಬಸ್ಸಲ್ಲಿ ಬರಬೇಡಿ, ಕಾರು ಕಳಿಸ್ತೀವಿ."

"ಮಾತ್ರೆ?"

"ಈಗ ಇರೋ ಡಬ್ಬಿ ಮುಗಿಯೋ ತನಕ ತಗೊಳ್ಳಿ. ಆಮೇಲೆ ಇಲ್ಲ. ಮಾತ್ರೆ ಕೆಲಸ ಮಾಡುತ್ತೆ ಅಂತ ಗೊತ್ತಾಯ್ತಲ್ಲ, ಅದಕ್ಕೇ ಮುಗಿಸ್ತಿದ್ದಾರೆ."

"ಕೆಲಸ ಮಾಡುತ್ತೆ ಅಂತ ಗೊತ್ತಾದ ಮೇಲೆ ನಿಲ್ಲಿಸ್ತೀರಾ?"

"ಇನ್ನು ಸ್ವಲ್ಪ ಕಾಲಕ್ಕೆ ಅಂಗಡಿಗೆ ಬರುತ್ತಮ್ಮ. ಆಗ ಕೊಂಡ್ಕೋಬಹುದು," ಎಂದರು.

"ನಾನು ಹೋಗೋ ಅಂಗಡಿಗೆ ಬರುತ್ತಾ ಮೇಡಂ?"

"ಅದೆಲ್ಲ ನನ್ನ ಕೈಲಿಲ್ಲ. ನೀವು ಮಾತ್ರ ತಪ್ಪಿಸಬೇಡಿ. ಕೊನೇದು ಸಿಗದಿದ್ರೆ ಮೊದಲಿನದೆಲ್ಲ ವೇಸ್ಟು."

ಫೋನು ಇಟ್ಟರು. ಮೈಯೆಲ್ಲ ಉರಿದುಹೋಯಿತು. ಯಾರ ಮೇಲೆ ಕೂಗಾಡಬೇಕು ಅಂತ ಗೊತ್ತಾಗಲಿಲ್ಲ. ಲಾರಿಯ ಮೇಲಿದ್ದವನು, "ಏ, ಮೂಟೆ ಎತ್ತೇ, ಕನಸು ಕಾಣ್ತಿದ್ದೀಯಾ?" ಎಂದ. ಎತ್ತಿದೆ.

ಕಾರು ಬಂತು. ನನ್ನ ಜನ್ಮದಲ್ಲಿ ನನ್ನನ್ನು ಕರೆದೊಯ್ಯಲು ಕಾರು ಬಂದದ್ದು ಅದೇ ಮೊದಲು. ಜೊತೆಗೆ ಹೊರಟ ಅತ್ತೆ ಸೀಟಿನ ಮೇಲೆ ಕೈಯಾಡಿಸಿದಳು. ಸುಮ್ಮನೆ ಯಾರಾದರೂ ನಮಗೆ ಕಾರು ಕಳಿಸುತ್ತಾರಾ?

ಬೆಳಗಿನ ಹೊತ್ತಿಗೆ ಬೆಂಚು ತುಂಬಿತ್ತು. ಕಂಪನಿಯವರು ಬಂದಿದ್ದಾರೆಂದು ಎಲ್ಲರನ್ನೂ ಒಂದೇ ದಿನ ಕರೆಸಿದ್ದರು. ಟೈಲರಣ್ಣನನ್ನು ನೋಡಿ ಎದೆ ಧಸಕ್ಕೆಂದಿತು. ಮೊದಲು ಸೇರಿದವನಿಗೆ ಮೊದಲು ಮಾತ್ರೆ ನಿಂತಿತ್ತು. ಪ್ಯಾಂಟಿನ ಹೊಲಿಗೆ ಬಿಚ್ಚಿದ್ದ. ಬಿಚ್ಚಿದ್ದೂ ಸಾಲದೆ ಗುಂಡಿ ಹಾಕದೆ ಬಿಟ್ಟು ಮೇಲೆ ಅಂಗಿ ಎಳೆದುಕೊಂಡಿದ್ದ. ಒಸಡಿನಲ್ಲಿ ರಕ್ತ. ಅದನ್ನು ನುಂಗಿ ನುಂಗಿ ಮಾತಾಡುತ್ತಿದ್ದ. ಟೇಪು ತಂದಿರಲಿಲ್ಲ.

"ವಾಪಸ್ ಬಂತು ತಂಗಿ," ಎಂದ. "ಹೋದಷ್ಟು ನಿಧಾನಕ್ಕೆ ಬರಲಿಲ್ಲ. ಓಡ್ಕೊಂಡೇ ಬಂತು."

"ಡಾಕ್ಟರಿಗೆ ಹೇಳಿದ್ಯಾ?"

"ಹೇಳ್ದೆ. ಹಳೇ ಔಷಧಿ ಬರೆದುಕೊಟ್ರು. ಅದು ನಂಗೆ ಹತ್ತಲ್ಲ ಅಂತಾನೇ ಅಲ್ವಾ ಈ ಸ್ಟಡಿಗೆ ಹಾಕಿದ್ದು?"

ಕಂಡಕ್ಟರ್ ನೆಲ ನೋಡುತ್ತ ಕೂತಿದ್ದ. ಪಾತ್ರೆ ತೊಳೆಯುವವಳು ತನ್ನ ಹೊಟ್ಟೆ ಮುಟ್ಟಿ ನೋಡಿಕೊಂಡಳು. ನಾನೂ ನೋಡಿಕೊಂಡೆ. ಎಲ್ಲರ ಕೈಯೂ ಎಡಪಕ್ಕೆಗೇ ಹೋಗಿತ್ತು.

ಅಲ್ಲೇ ನನಗೆ ಬಾಯಿ ಬಂತು. ನಮ್ಮ ಮಂಡಿಯಲ್ಲಿ ಒಂದು ಪದ್ಧತಿ ಇದೆ ಎಂದೆ. ಯಜಮಾನನ ಜೊತೆ ತಕರಾರು ಇದ್ದರೆ ಕೆಲಸ ಶುರುವಿನಲ್ಲಿ ಜಗಳ ಆಡುವುದಿಲ್ಲ. ಬೇರೆಯವರನ್ನು ಕರೆದುಕೊಳ್ಳುತ್ತಾನೆ. ಎಲ್ಲ ಇಳಿಸಿದ ಮೇಲೂ ಆಡುವುದಿಲ್ಲ. ಲಾರಿ ಹೊರಟುಹೋಗುತ್ತದೆ. ಮೂಟೆಗಳನ್ನೆಲ್ಲ ಇಳಿಸಿ ಕೊನೆಯದೊಂದನ್ನು ಲಾರಿಯಲ್ಲೇ ಬಿಟ್ಟು ಕೂತುಬಿಡುತ್ತೇವೆ. ಒಂದು ಮೂಟೆ ಉಳಿದರೆ ಲಾರಿ ಹೊರಡುವಂತಿಲ್ಲ, ಹಿಂದಿನ ಲಾರಿ ಒಳಗೆ ಬರುವಂತಿಲ್ಲ. ಆಗ ಯಜಮಾನನಿಗೆ ಕಿವಿ ಕೇಳಿಸುತ್ತದೆ.

"ಕೊನೇದು ಸಿಗದಿದ್ರೆ ಮೊದಲಿನದೆಲ್ಲ ವೇಸ್ಟು ಅಂತ ಮೇಡಂ ತಾವೇ ಬಾಯಿಬಿಟ್ರು," ಎಂದೆ. "ಎಲ್ಲರಿಗೂ ಮಾತ್ರೆ ಕೊಡ್ತೀವಿ ಅಂತ ಹೇಳೋ ತನಕ ಯಾರೂ ಮಲಗೋದು ಬೇಡ."

"ಕೊಡದಿದ್ರೆ?" ಎಂದಳು ಪೇಂಟರನ ಹೆಂಡತಿ.

"ಮಲಗಿದ್ರೂ ಕೊಡಲ್ಲ."

ಕಂಡಕ್ಟರ್ ತಲೆ ಎತ್ತಿದ. "ದೊಡ್ಡೋರನ್ನ ಎದುರು ಹಾಕ್ಕೋಬೇಕಾ? ನಾಳೆ ಜ್ವರ ಬಂದ್ರೂ ಇಲ್ಲಿಗೇ ಬರಬೇಕು ನಾವು," ಎಂದ. ಅವನ ಮಾತು ಸುಳ್ಳಲ್ಲ. ಅಷ್ಟರಲ್ಲಿ ಟೈಲರಣ್ಣನ ಬಾಯಿಯಿಂದ ಒಂದು ಎಳೆ ರಕ್ತ ಜಾರಿ ಅಂಗಿಯ ಮೇಲೆ ಬಿತ್ತು. ಎಲ್ಲರೂ ನೋಡಿದರು. ಒಬ್ಬೊಬ್ಬರಾಗಿ ಹ್ಞೂಂ ಎಂದರು. ಕಂಡಕ್ಟರ್ ಎಲ್ಲರಿಗಿಂತ ಕೊನೆಗೆ ಹ್ಞೂಂ ಎಂದ.

ಅತ್ತೆ ನನ್ನ ರಟ್ಟೆ ಚಿವುಟಿದಳು. "ನಿನಗ್ಯಾಕೆ ಊರಿನ ಉಸಾಬರಿ? ಹೋಗಿ ಮಲಕ್ಕೊಂಡು ಬಾ. ದೊಡ್ಡೋರ ಕಾಲು ಹಿಡಿದ್ರೆ ಅಷ್ಟೋ ಇಷ್ಟೋ ಕೊಡ್ತಾರೆ. ಮಗು ಮುಖ ನೋಡೇ."

"ಸುಮ್ನಿರಿ ಅತ್ತೆ," ಎಂದೆ.

ಯಾರು ಹೋಗಿ ಚಾಡಿ ಹೇಳಿದರೋ ಗೊತ್ತಿಲ್ಲ. ಗೋಡೆಗೂ ಕಿವಿ ಇತ್ತೇನೋ. ಸರದಿಯಲ್ಲಿ ನಾನು ಮೊದಲಿನವಳಲ್ಲ, ಆದರೂ ನನ್ನನ್ನೇ ಮೊದಲು ಕರೆದರು.

ಒಳಗೆ ದೊಡ್ಡ ಡಾಕ್ಟರು, ಮೇಡಂ, ಸೂಜಿಯ ತಟ್ಟೆ ಹಿಡಿದ ಚಿಕ್ಕ ಡಾಕ್ಟರು, ಮೂಲೆಯ ಕುರ್ಚಿಯಲ್ಲಿ ಕಂಪನಿಯವನು. ನನಗೆ ಕುರ್ಚಿ ಹಾಕಿದರು. ಹಿಂದೆ ಎಂದೂ ಹಾಕಿರಲಿಲ್ಲ. ನಾನು ಕೂರಲಿಲ್ಲ.

"ಏನೋ ಬೇಜಾರು ಮಾಡ್ಕೊಂಡಿದ್ದೀಯಂತೆ," ಎಂದರು ದೊಡ್ಡ ಡಾಕ್ಟರು. ದನಿ ಬೆಣ್ಣೆ. "ನಿನ್ನ ವಿಷಯ ನಾನು ಇವರ ಹತ್ರ ಮಾತಾಡಿದ್ದೀನಿ. ನಿನಗೆ ಮಾತ್ರೆ ನಿಲ್ಲಿಸಲ್ಲ. ಎಷ್ಟು ದಿನ ಬೇಕಾದ್ರೂ ತಗೋ. ಸರೀನಾ?"

ಕಿವಿಯಲ್ಲಿ ಗುಂಯ್ ಎಂದಿತು. ಎಷ್ಟು ದಿನ ಬೇಕಾದರೂ.

"ಹೊರಗಿರೋರಿಗೆ?"

"ಅವರ ಮಾತು ಬೇರೆ."

"ಟೈಲರಣ್ಣನಿಗೆ?"

"ಅವನಿಗೆ ಈಗ ಕೊಟ್ಟೂ ಪ್ರಯೋಜನ ಇದೆಯೋ ಇಲ್ವೋ. ನಿನ್ನದು ನೀನು ನೋಡ್ಕೋ. ಚಿಕ್ಕ ಮಗಳಿದ್ದಾಳೆ ಅಲ್ವಾ ನಿನಗೆ?"

ಹೌದು. ಮಗಳಿದ್ದಾಳೆ. ರಾತ್ರಿ ನನ್ನ ಹೊಟ್ಟೆಯ ಮೇಲೆ ಕೈ ಹಾಕಿ ಮಲಗುತ್ತಾಳೆ. ಊದಿದ್ದಾಗ ಅವಳ ಕೈಯ ಭಾರವೂ ತಡೆಯಲಾಗದೆ ಪಕ್ಕಕ್ಕೆ ಸರಿಸುತ್ತಿದ್ದೆ. ನಾನೇನು ದೊಡ್ಡ ತ್ಯಾಗಿಯಲ್ಲ. ಬದುಕುವ ಆಸೆ ನನಗಿದೆ, ಬೇರೆಯವರಿಗಿಂತ ಒಂದು ಪಾಲು ಜಾಸ್ತಿಯೇ ಇದೆ. ನಿಮಗೆ ಮುಚ್ಚಿಟ್ಟು ಏನು ಪ್ರಯೋಜನ, ನಾನು ಹೋಗಿ ಮಂಚದ ಮೇಲೆ ಮಲಗಿದೆ. ಪಕ್ಕಕ್ಕೆ ತಿರುಗಿದೆ. ಮೊಣಕಾಲು ಹೊಟ್ಟೆಗೆ ಒತ್ತಿದೆ. ಚಿಕ್ಕ ಡಾಕ್ಟರು ಸೊಂಟದ ಬಟ್ಟೆ ಸರಿಸಿ ಸ್ಪಿರಿಟ್ ಹಚ್ಚಿದ. ತಣ್ಣಗಾಯಿತು.

"ಗುಡ್," ಎಂದರು ದೊಡ್ಡ ಡಾಕ್ಟರು. ಮಂಚದ ಹತ್ತಿರ ಬಂದು ದನಿ ಇಳಿಸಿದರು. "ನೋಡು, ಈ ಮಾತ್ರೆ ವಿಷಯ ಹೊರಗೆ ಯಾರಿಗೂ ಹೇಳ್ಬೇಡ. ಹೋಗಿ ಸುಮ್ನೆ ಅವರ ಮಧ್ಯೆ ಕೂತ್ಕೋ. ನೀನು ಕೊಟ್ಟಿದ್ದು ನೋಡಿದ್ರೆ ಅವರೂ ಬಂದು ಕೊಡ್ತಾರೆ."

ಓಹೋ.

ಮಾತ್ರೆ ಇದಕ್ಕೆ. ನನ್ನ ಮೂಳೆಗಲ್ಲ, ನನ್ನ ಬಾಯಿಗೆ. ನಾನು ಹೊರಗೆ ಹೋಗಿ ಕೂರಬೇಕು. ನನ್ನನ್ನು ನೋಡಿ ಟೈಲರಣ್ಣ ಎದ್ದು ಬರಬೇಕು. ಅವನ ಮೂಳೆಯ ಚೂರು ಕಿತ್ತುಕೊಂಡು ಬರಿಗೈಯಲ್ಲಿ ಮನೆಗೆ ಅಟ್ಟಬೇಕು. ನಾನು ಪಕ್ಕದಲ್ಲಿ ಕೂತು ನೋಡುತ್ತಿರಬೇಕು. ನನ್ನ ಬಟ್ಟೆ ಎತ್ತಿಸಿದಾಗಲೂ ನನಗೆ ಇಷ್ಟು ನಾಚಿಕೆಯಾಗಿರಲಿಲ್ಲ.

ಎದ್ದು ಕೂತೆ. ಚಿಕ್ಕ ಡಾಕ್ಟರ ಕೈಯಲ್ಲಿ ಸೂಜಿ ಹಾಗೇ ಉಳಿಯಿತು.

"ಏನಾಯ್ತು? ಮಲಗು," ಎಂದರು ದೊಡ್ಡ ಡಾಕ್ಟರು.

"ಕೊಡಲ್ಲ."

"ಏನು?"

"ಕೊಡಲ್ಲ ಅಂದೆ. ಇಷ್ಟ ಇಲ್ದಿದ್ರೆ ಯಾವಾಗ ಬೇಕಾದ್ರೂ ಬೇಡ ಅನ್ನಬಹುದು, ಯಾರೂ ಬಲವಂತ ಮಾಡೋ ಹಾಗಿಲ್ಲ ಅಂತ ಸೇರಿಸ್ಕೊಳ್ಳೋವಾಗ ಈ ಮೇಡಮ್ಮೇ ಓದಿ ಹೇಳಿದ್ರು. ಅವತ್ತಿಂದ ಇವತ್ತಿನ ತನಕ ನಾನು ಬೇಡ ಅಂದಿಲ್ಲ. ಈಗ ಅಂತಿದ್ದೀನಿ. ಬೇಡ."

ಮೇಡಂ ತಲೆ ತಗ್ಗಿಸಿದರು. ಕಂಪನಿಯವನು ಕುರ್ಚಿಯಿಂದ ಅರ್ಧ ಎದ್ದ.

ದೊಡ್ಡ ಡಾಕ್ಟರ ದನಿಯ ಬೆಣ್ಣೆ ಕರಗಿತ್ತು. "ತಲೆ ಕೆಟ್ಟಿದೆಯಾ ನಿನಗೆ? ಯಾರು ಹೇಳಿಕೊಟ್ರು? ಬೇಡ ಅಂದ್ರೆ ಮಾತ್ರೆನೂ ಇಲ್ಲ, ತಿಳ್ಕೋ. ಸತ್ತು ಹೋಗ್ತೀಯ."

"ಗೊತ್ತು," ಎಂದೆ. "ನನಗೆ ಕೊಟ್ರೆ ಅವರಿಗೂ ಕೊಡಬೇಕು. ಅವರಿಗಿಲ್ಲ ಅಂದ್ರೆ ನಿಮಗೂ ನನ್ನ ಮೂಳೆ ಇಲ್ಲ."

ಬಟ್ಟೆ ಸರಿಮಾಡಿಕೊಂಡು ಬಾಗಿಲು ತೆಗೆದೆ. ಧೈರ್ಯ ಗೀರ್ಯ ಅಂತೆಲ್ಲ ಹೇಳಬೇಡಿ, ಭಯಕ್ಕೆ ನಾಲಿಗೆ ಒಣಗಿಹೋಗಿತ್ತು.

ಆ ಕೋಣೆಯಿಂದ ಹೊರಬರುವವರು ಯಾರೂ ಸರಿಯಾಗಿ ನಡೆಯುವುದಿಲ್ಲ. ಸೊಂಟಕ್ಕೆ ಕೈ ಕೊಟ್ಟುಕೊಂಡು, ಒಂದು ಕಾಲು ಎಳೆಯುತ್ತ, ಗೋಡೆ ಹಿಡಿದು ಬರುತ್ತಾರೆ. ಬೆಂಚಿನವರು ನನ್ನ ಮುಖ ನೋಡಲಿಲ್ಲ. ಎಲ್ಲರೂ ನನ್ನ ಕಾಲು ನೋಡಿದರು. ನಾನು ನೆಟ್ಟಗೆ ನಡೆದು ಬಂದೆ.

"ಕೊಡಲಿಲ್ವಾ?" ಎಂದ ಟೈಲರಣ್ಣ.

"ಇಲ್ಲ. ನನಗೊಬ್ಬಳಿಗೆ ಮಾತ್ರೆ ಕೊಡ್ತಾರಂತೆ. ನಾನು ಬಾಯಿ ಮುಚ್ಕೊಂಡು ಇಲ್ಲಿ ಕೂರಬೇಕಂತೆ. ನನ್ನ ನೋಡಿ ನೀವೆಲ್ಲ ಎದ್ದು ಹೋಗ್ತೀರಂತೆ." ಜೋರಾಗಿಯೇ ಹೇಳಿದೆ. ಒಳಗಿನವರಿಗೂ ಕೇಳಲಿ ಅಂತಲೇ ಹೇಳಿದೆ. ಆಮೇಲೆ ಉಳಿದದ್ದನ್ನೂ ಹೇಳಿದೆ: "ನಾನು ಮಲಗಿದ್ದೆ ಅಣ್ಣ. ಹೇಳ್ಬಿಡ್ತೀನಿ. ಮಲಗಿ ಎದ್ದು ಬಂದೆ."

ಅವನು ಬೆಂಚಿನ ಮೇಲೆ ಸರಿದು ಜಾಗ ಬಿಟ್ಟ.

ಅತ್ತೆ ಎದ್ದಳು. ಬಗ್ಗಿದ ಬೆನ್ನಿನಲ್ಲೇ ನನ್ನ ಎದುರು ಬಂದು ನಿಂತಳು. "ನಿನಗೆ ಕೊಡ್ತೀವಿ ಅಂದ್ರಾ?"

"ಅಂದ್ರು."

"ಬೇಡ ಅಂದ್ಯಾ?"

"ಅಂದೆ."

ಕೆನ್ನೆಗೆ ಬಿತ್ತು. ಮೂಟೆ ಹೊತ್ತ ಕೈ, ವಯಸ್ಸಾದರೂ ತೂಕ ಇಳಿದಿರಲಿಲ್ಲ. "ಮುಂಡೇದೇ," ಎಂದಳು, "ನಿನ್ನ ಹೆಣ ನಾನು ನೋಡಬೇಕೇನೇ?" ನಾನು ಕೆನ್ನೆ ಹಿಡಿದುಕೊಂಡು ನಿಂತೆ. ಅವಳು ಟೈಲರಣ್ಣನ ಕಡೆ ತಿರುಗಿದಳು. ಬಿಚ್ಚಿದ ಪ್ಯಾಂಟು, ಅಂಗಿಯ ಮೇಲಿನ ರಕ್ತ, ಎಲ್ಲವನ್ನೂ ನಿಧಾನಕ್ಕೆ ನೋಡಿದಳು. ಆಮೇಲೆ ಹೋಗಿ ಅವನ ಪಕ್ಕ ಕೂತಳು. ನನ್ನನ್ನು ಎಳೆದು ತನ್ನ ಪಕ್ಕ ಕೂರಿಸಿಕೊಂಡಳು.

ಮೇಡಂ ಬಾಗಿಲಿಗೆ ಬಂದು ಕಂಡಕ್ಟರನನ್ನು ಕರೆದರು. ಅವನು ಎದ್ದ. ನನ್ನ ಜೀವ ಬಾಯಿಗೆ ಬಂತು. ಅವನು ನಿಂತೇ, ಬಸ್ಸಿನ ಬಾಗಿಲಲ್ಲಿ ಹೇಳುವ ದನಿಯಲ್ಲಿ, "ಒಳಗೆ ಜಾಗ ಇಲ್ಲ ಮೇಡಂ," ಎಂದ. "ಎಲ್ಲರೂ ಹತ್ತೋದಾದ್ರೆ ಹತ್ತೀವಿ." ಮತ್ತೆ ಕೂತ. ಪೇಂಟರನ ಹೆಂಡತಿಯನ್ನು ಕರೆದರು. ಅವಳು ಕಿಟಕಿಯ ಕಡೆ ನೋಡಿದಳು. ಪಾತ್ರೆ ತೊಳೆಯುವವಳನ್ನು ಕರೆದರು. ಅವಳು ಮೊಣಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಳು, ಎಲ್ಲಿ ತಾನಾಗಿ ಎದ್ದುಬಿಡುತ್ತದೋ ಅಂತ. ಮೇಡಂ ಮತ್ತೆ ಯಾರನ್ನೂ ಕರೆಯದೆ ಒಳಗೆ ಹೋದರು. ಒಳಗಿಂದ ಮಾತು ಕೇಳಿಸಿತು. ಒಮ್ಮೆ ಜೋರಾಗಿ, ಒಮ್ಮೆ ಮೆಲ್ಲಗೆ.

ಕಾವಲಿನವರು ಇಬ್ಬರು ಬಂದು ಬೆಂಚಿನ ತುದಿಯಲ್ಲಿ ನಿಂತರು. ನಾವು ಅವರನ್ನು ನೋಡಿದೆವು. ಅವರು ನಮ್ಮನ್ನು ನೋಡಿದರು. ಟೈಲರಣ್ಣ ರಕ್ತ ನುಂಗಿದ.

ಬಾಗಿಲು ತೆರೆಯಿತು. ದೊಡ್ಡ ಡಾಕ್ಟರು. ನಾವು ಅವರ ಹತ್ತಿರ ಹೋಗುವುದೇ ಹೊರತು ಅವರು ಈ ಬೆಂಚಿನ ತನಕ ಬಂದದ್ದನ್ನು ನಾನು ಕಂಡಿಲ್ಲ. ಬಂದರು. ಎದ್ದು ನಿಲ್ಲುತ್ತೇವೆ ಅಂದುಕೊಂಡಿದ್ದರೇನೋ, ಒಂದು ಗಳಿಗೆ ಕಾದರು. ಯಾರೂ ಏಳಲಿಲ್ಲ.

"ಏನು ನಡೀತಿದೆ ಇಲ್ಲಿ?" ಎಂದರು.

ಉತ್ತರ ಹೇಳಬೇಕಾದವಳು ನಾನು. ಬಾಯಿ ತೆರೆದೆ. ಅತ್ತೆ ನನ್ನ ತೊಡೆಯ ಮೇಲೆ ಕೈ ಇಟ್ಟು ಒತ್ತಿದಳು. ಕತ್ತೆತ್ತಿ ದೊಡ್ಡ ಡಾಕ್ಟರ ಎರಡೂ ಕೈಗಳನ್ನು ನೋಡಿದಳು. ಮನೆಗೆ ಬಂದ ಅಳಿಯನನ್ನು ಮಾತಾಡಿಸುವಷ್ಟು ಸಮಾಧಾನದಲ್ಲಿ ಹೇಳಿದಳು:

"ಬರಿಗೈಲಿ ಬಂದಿದ್ದೀಯಲ್ಲಪ್ಪಾ. ಹೋಗು, ಮಾತ್ರೆ ತಗೊಂಡು ಬಾ. ನಾವು ಇಲ್ಲೇ ಇರ್ತೀವಿ."